ಸಂಕವ್ವನ ಸರದಿ

ತುಂಬುಹೊಳೆ ಯಾವ ನಕ್ಷೆಯಲ್ಲೂ ಇಲ್ಲದ ಊರು. ನಾವು ನಲವತ್ತಮೂರು ಮಂದಿ ನಮ್ಮ ನಮ್ಮ ಮನೆಗಳಲ್ಲಿ ಕುಳಿತು, ಮೊಬೈಲಿನಲ್ಲಿ ಸಾಲಿಗೆ ಸಾಲು ಸೇರಿಸಿ ಅದನ್ನು ಕಟ್ಟಿದ್ದೇವೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಬಳೆಗಾರ, ಸೂಲಗಿತ್ತಿ, ಕಳ್ಳ, ಮಠದ ಅಡುಗೆಯವ. ತಮ್ಮ ಪಾತ್ರ ಏನು ಮಾಡಿತು, ಏನು ಅಂದಿತು ಎಂದು ಒಬ್ಬರು ಬರೆಯುತ್ತಾರೆ. ಆಮೇಲೆ ಮುಂದಿನವರ ಸರದಿ. ಗೆಲುವೂ ಸೋಲೂ ಇಲ್ಲದ ಈ ಆಟವನ್ನು ಹೊರಗಿನವರಿಗೆ ವಿವರಿಸಲು ನನಗೆ ಇಂದಿಗೂ ಬಂದಿಲ್ಲ. ರಾಣೆಬೆನ್ನೂರಿನ ಬೀಜ ಪರೀಕ್ಷಾ ಕೇಂದ್ರದಲ್ಲಿ ಮೊಳಕೆ ಎಣಿಸುವುದು ನನ್ನ ಕೆಲಸ. ಪದವಿ ಸಂಜೆ ಕಾಲೇಜಿನದು. ತುಂಬುಹೊಳೆಯಲ್ಲಿ ಮಾತ್ರ ನಾನು ಸುಂಕದ ಕಟ್ಟೆಯ ಕಾವಲುಗಾರ. ಆಟದ ಶಿಸ್ತು ನೋಡಿಕೊಳ್ಳುವ ಹೊಣೆಯೂ ನನ್ನ ತಲೆಗೇ ಬಿದ್ದಿದೆ. ಯಾರಿಗಾದರೂ ಎಚ್ಚರಿಕೆ ಕೊಡಬೇಕಾದರೆ ಐದು ಸಲ ಬರೆದು ನಾಲ್ಕು ಸಲ ಅಳಿಸುತ್ತೇನೆ.

ನಮಗೆ ಆಗದ ಜನರ ಪಟ್ಟಿ ದೊಡ್ಡದು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ದೃಶ್ಯಕ್ಕೆ ಬಂದು, ತಾನು ಕಳೆದುಹೋದ ರಾಜಕುಮಾರ ಎಂದು ಹನ್ನೆರಡು ಸಾಲು ಕಣ್ಣಿನ ಬಣ್ಣ ವರ್ಣಿಸುವವರು. ಎಷ್ಟು ಬಾಣ ಬಿಟ್ಟರೂ ಒಂದೂ ತಾಗಿಸಿಕೊಳ್ಳದವರು. ಕಥೆಯನ್ನು ನಡುನೀರಿನಲ್ಲಿ ಬಿಟ್ಟು ಎದ್ದು ಹೋಗುವವರು. ಇವರನ್ನೆಲ್ಲ ಹೇಗೋ ಸಹಿಸುತ್ತೇವೆ. ಸಹಿಸದೇ ಇರುವುದು ಒಂದೇ ಒಂದನ್ನು: ಇನ್ನೊಬ್ಬರ ಪಾತ್ರ ಏನು ಮಾಡಿತು ಎಂದು ನಾವೇ ಬರೆದುಬಿಡುವುದು. ಅದಕ್ಕೆ ನಾವು 'ಕೈ ಹಾಕುವುದು' ಅನ್ನುತ್ತೇವೆ.

ಒಂಬತ್ತು ವರ್ಷದ ಹಿಂದೆ, ಆಟಕ್ಕೆ ಸೇರಿದ ಮೊದಲ ವಾರವೇ ನಾನು ಆ ತಪ್ಪು ಮಾಡಿದ್ದೆ. 'ಹರಿಗೋಲಿನ ಸಂಕವ್ವ ನಕ್ಕು ನನಗೆ ದಾರಿ ಬಿಟ್ಟಳು' ಎಂದು ಬರೆದಿದ್ದೆ. ಕೂಡಲೇ ಜೋಡಿ ಕಂಸದೊಳಗೆ ಉತ್ತರ ಬಂತು. ಆಟದ ಹೊರಗಿನ ಮಾತನ್ನು ಎರಡೆರಡು ಕಂಸದೊಳಗೆ ಹಾಕುವುದು ನಮ್ಮ ರೂಢಿ.

((ಸಂಕವ್ವ ನಗಬೇಕೋ ಬ್ಯಾಡೋ ಅನ್ನೂದನ್ನ ನಾ ಹೇಳತೀನಿ. ಕೈ ನಂದು.))

ಬರೆದವರು ಇಂದುಮತಿ ಬಡಿಗೇರ. ಲಕ್ಷ್ಮೇಶ್ವರದಲ್ಲಿ ಹೊಲಿಗೆ ಕಲಿಸುತ್ತಿದ್ದರು. ನಾನು ಹತ್ತು ಸಲ ಕ್ಷಮೆ ಕೇಳಿದೆ. ಹತ್ತನೆಯದಕ್ಕೆ ಅವರು ((ಕಾವಲಣ್ಣ, ಇಷ್ಟ್ ಕ್ಷಮಾ ಕೇಳೂದೂ ಒಂದ್ ಕಾಟಾನ)) ಎಂದು ಬರೆದರು. ಅಂದಿನಿಂದ ನಾವು ಸ್ನೇಹಿತರು. ಮುಖ ನೋಡಿರಲಿಲ್ಲ.

ನೋಡಿದ್ದು ಈ ವರ್ಷ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮಂಚದ ಮೇಲೆ.

*

ಮೆದುಳಿನ ಬುಡದಲ್ಲಿ ರಕ್ತನಾಳ ಕಟ್ಟಿ ಇಂದುಮತಿಯವರ ಮೈಯೆಲ್ಲ ನಿಂತುಹೋಗಿತ್ತು. ಕಣ್ಣುಗುಡ್ಡೆ ಕೂಡ ಹೊರಳುತ್ತಿರಲಿಲ್ಲ. ಒಳಗೆ ಅರಿವು ಇದೆಯೋ ಇಲ್ಲವೋ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಡಾ. ತಬಸ್ಸುಮ್ ಎಂಬುವರು ಒಂದು ಟೋಪಿ ಮಾಡಿದ್ದರು. ಅದನ್ನು ತೊಡಿಸಿದರೆ ಒಂದು ಧ್ವನಿ ಕಿವಿಯಲ್ಲಿ ಅಕ್ಷರಗಳ ಸಾಲು ಹೇಳುತ್ತ ಹೋಗುತ್ತದೆ: ಅ ಸಾಲು, ಕ ಸಾಲು, ಚ ಸಾಲು, ಹೀಗೆ ಒಂಬತ್ತು. ಬೇಕಾದ ಸಾಲು ಬಂದಾಗ ರೋಗಿ ತನ್ನ ಬಲಗೈ ಎತ್ತಿದಂತೆ ನೆನೆಯಬೇಕು. ಕೈ ಏಳುವುದಿಲ್ಲ, ಏಳಿಸಲು ಹೊರಟ ಮೆದುಳಿನ ಸುಳಿವನ್ನು ಟೋಪಿ ಹಿಡಿಯುತ್ತದೆ. ಆಮೇಲೆ ಆ ಸಾಲಿನೊಳಗಿನ ಅಕ್ಷರ.

ಇದು ಬಹಳ ನಿಧಾನ. ಆದ್ದರಿಂದ ಯಂತ್ರಕ್ಕೆ ರೋಗಿಯದೇ ಹಳೆಯ ಬರಹ ಉಣಿಸಿ ಕಲಿಸುತ್ತಿದ್ದರು. ಒಂದು ಅಕ್ಷರ ಸಿಕ್ಕರೆ ಸಾಕು, ಕೆಲವೊಮ್ಮೆ ಅದೂ ಸಿಗುವ ಮೊದಲೇ, ಅವರು ಬರೆಯಬಹುದಾದ ವಾಕ್ಯವನ್ನು ಅದೇ ಪೂರ್ತಿ ಮಾಡಿ ತೋರಿಸುತ್ತಿತ್ತು. ಇಂದುಮತಿಯವರ ಬರಹವೆಂದರೆ ತುಂಬುಹೊಳೆಯ ಒಂಬತ್ತು ವರ್ಷ. ಅದನ್ನು ಕೇಳಿಕೊಂಡು ಡಾಕ್ಟರು ನನಗೆ ಫೋನ್ ಮಾಡಿದ್ದರು. ನಾನು ಮೂರು ದಿನ ರಜೆ ಹಾಕಿ ಎಲ್ಲವನ್ನೂ ಒಪ್ಪ ಮಾಡಿ ಕಳಿಸಿಕೊಟ್ಟೆ.

ಮೊದಲ ದಿನ ಪರದೆಯ ಮೇಲೆ ಮೂಡಿದ ಸಾಲು ನನಗೆ ಬಾಯಿಪಾಠವಿದೆ. 'ಕತ್ತಲೆ ಹೊಳೆಗೆ ಇಳಿಯುವ ಮುನ್ನ ಸಂಕವ್ವ ಹರಿಗೋಲು ಕಟ್ಟಿದಳು.' ಅವರ ತಾಯಿ ಶಿವಗಂಗವ್ವ ಟೋಪಿಗೇ ಮುತ್ತಿಟ್ಟರು.

"ನನ್ನ ಮಗಳು ಮಾತಾಡಿದ್ಲು! ಕೇಳಿದ್ರಿಲ್ಲೋ?"

ತಮ್ಮ ಮೌನೇಶ ಬಾಗಿಲಿಗೆ ಒರಗಿ ನಿಂತಿದ್ದ. ಬಡಿಗತನ ಮಾಡುವ ಮನುಷ್ಯ; ಕೂದಲಲ್ಲಿ ಇನ್ನೂ ಮರದ ಹೊಟ್ಟಿತ್ತು. "ಯವ್ವಾ, ಅದು ಮಿಶನ್ ಮಾತಾಡಿದ್ದು. ಅಕ್ಕ ಬರದದ್ದನ್ನ ತಿಂದು ಅಕ್ಕನಂಗ ಕಕ್ಕತೈತಿ. ಅದರ ಮುಂದ ಕುಂತು ನಾವು ಅಳಬೇಕೇನು?"

ಡಾ. ತಬಸ್ಸುಮ್ ಅವನನ್ನು ಅಲ್ಲಗಳೆಯಲಿಲ್ಲ. "ಹತ್ತು ಪದದಾಗ ಒಂಬತ್ತು ಯಂತ್ರದ್ದು ಅನ್ನೂದು ಖರೆ," ಅಂದರು. "ಒಂದು ಅವರದೋ ಅಲ್ಲೋ, ಅದಾ ನಮಗೂ ಗೊತ್ತಾಗವಲ್ದು."

ಮೂರು ವಾರ ಹೀಗೇ ನಡೆಯಿತು. ಹೌದು-ಇಲ್ಲ ಎಂಬ ಇಪ್ಪತ್ತು ಪ್ರಶ್ನೆ ಕೇಳಿದರೆ ಹನ್ನೊಂದು ಸರಿ. ಕಣ್ಣು ಮುಚ್ಚಿ ನಾಣ್ಯ ತೂರಿದರೂ ಹತ್ತು ಸರಿಯಾಗುತ್ತದೆ. ಟೋಪಿ ಇದ್ದದ್ದು ಒಂದೇ. ಕಾಯುತ್ತಿದ್ದ ರೋಗಿಗಳು ಆರು ಜನ. ಸೋಮವಾರ ಡಾಕ್ಟರುಗಳ ಸಮಿತಿ ಕೂಡಿ ತೀರ್ಮಾನ ಬರೆಯುವುದಿತ್ತು. ಅರಿವಿಲ್ಲ ಎಂದು ಬರೆದರೆ ಟೋಪಿ ಮುಂದಿನವರಿಗೆ ಹೋಗುತ್ತದೆ, ಇಂದುಮತಿ ಮನೆಗೆ ಹೋಗುತ್ತಾರೆ. ಆಮೇಲೆ ಅವರನ್ನು ಯಾರೂ ಏನನ್ನೂ ಕೇಳುವುದಿಲ್ಲ. ಒಳಗೆ ಅವರು ಇದ್ದರೂ ಕೇಳುವುದಿಲ್ಲ.

ಈ ಕೊನೆಯ ಮಾತು ನನ್ನನ್ನು ಕೆಲಸದಲ್ಲೂ ಬಿಡಲಿಲ್ಲ. ಮೊಳಕೆ ಪರೀಕ್ಷೆಯಲ್ಲಿ ಎಷ್ಟು ದಿನ ಒದ್ದೆ ಕಾಗದದಲ್ಲಿಟ್ಟರೂ ನೀರು ಕುಡಿಯದೆ ಉಳಿಯುವ ಕಾಳುಗಳಿರುತ್ತವೆ. ಗಟ್ಟಿ ಬೀಜ ಅನ್ನುತ್ತೇವೆ. ಅವನ್ನು ಸತ್ತ ಬೀಜದ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ, ಬೇರೆ ಅಂಕಣವಿದೆ. ಹದಿನಾಲ್ಕು ವರ್ಷ ಆ ಅಂಕಣ ತುಂಬಿದ್ದೇನೆ. ಒಂದು ಕಾಳಿನ ಬಗ್ಗೆ ಇರುವ ಎಚ್ಚರಿಕೆ ಒಬ್ಬ ಹೆಣ್ಣುಮಗಳ ಬಗ್ಗೆ ಇಲ್ಲವಲ್ಲ ಎಂದು ಅಂದುಕೊಂಡೆ. ಮರುಕ್ಷಣವೇ, ಇಷ್ಟು ಓದಿದ ಡಾಕ್ಟರುಗಳಿಗೆ ತಿಳಿಯದ್ದು ನನಗೇನು ತಿಳಿದೀತು ಎಂದೂ ಅನ್ನಿಸಿತು.

ಇನ್ನೊಂದು ಸಂಗತಿ ಇತ್ತು, ಅದನ್ನು ಬಾಯಿಬಿಟ್ಟು ಹೇಳಲು ಭಯ. ಈ ಮೂರು ವಾರ ಯಂತ್ರದ ಮೂಲಕ ಇಂದುಮತಿ ಆಟಕ್ಕೂ ಬರುತ್ತಿದ್ದರು. ಹೊಸಬನೊಬ್ಬ, ಅದೇ ಕಳೆದುಹೋದ ರಾಜಕುಮಾರ, 'ಸಂಕವ್ವ ನನಗೆ ತಲೆಬಾಗಿದಳು' ಎಂದು ಬರೆದ. ಪರದೆಯ ಸಂಕವ್ವ ಬೈಯಲಿಲ್ಲ. ತಲೆಬಾಗಿದ ಮೇಲೆ ಹೊಳೆಯ ನೀರು ಹೇಗೆ ಹೊಳೆಯಿತು ಎಂದು ಚೆಂದವಾಗಿ ಬರೆದಳು.

ಇದು ಅವರಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

*

ಶನಿವಾರ ಬೆಳಿಗ್ಗೆ ಹೆಂಡತಿ ರೇಣುಕಾ ರೊಟ್ಟಿ ಬಡಿಯುತ್ತ ಯಾವುದೋ ಮದುವೆಯ ಸುದ್ದಿ ಹೇಳುತ್ತಿದ್ದಳು. ನನ್ನ ತಲೆ ಎಲ್ಲೋ ಇತ್ತು.

"ಅವರ ಸ್ವಾದರ ಮಾವ ಏನಂದ ಗೊತ್ತೇನ್ರಿ..."

"ಬಂಗಾರ ಕಡಿಮಿ ಅಂದ," ಅಂದೆ.

ಲಟ್ಟಣಿಗೆಯಿಲ್ಲದ ಮನೆಯಾದ್ದರಿಂದ ಬದುಕಿಕೊಂಡೆ. ಹಿಟ್ಟಿನ ಕೈ ಸೊಂಟದ ಮೇಲಿಟ್ಟು ತಿರುಗಿದಳು. "ನನ್ನ ಮಾತು ನಾ ಮುಗಸತೀನಿ, ನೀವು ಸುಮ್ಕಿರ್ರಿ. ಅಂವ ಬಂಗಾರದ್ದು ಅನ್ನಲೇ ಇಲ್ಲ. ಕುಂತಲ್ಲೇ ಮಂದಿ ಬಾಯಾಗ ಮಾತು ತುರಕ್ತಾರ!"

"ತಪ್ಪಾತು."

"ತಪ್ಪಾತು ಅನ್ನಾಕ ಭಾಳ ಶಾಣ್ಯಾ ಅದೀರಿ. ಸುಮ್ನಿದ್ದೆ ಅಂದ್ರ ಹೂಂ ಅಂದೆ ಅಂತ ತಿಳಕೋತೀರಿ. ಹತ್ತ ಸಲ ಸುಮ್ನಿದ್ದೆ, ಇವತ್ತ ಬೈದೆ."

ನಾನು ತಟ್ಟೆ ಬಿಟ್ಟು ಎದ್ದೆ. ಸುಮ್ಮನಿದ್ದರೆ ಹೂಂ ಅಂದಂತೆ. ಪ್ರಯೋಗಾಲಯದ ಯಂತ್ರವೂ ಹೀಗೇ ತಿಳಿದುಕೊಳ್ಳುತ್ತಿದ್ದರೆ?

ಬಸ್ಸಿನಲ್ಲಿ ಕುಳಿತ ಮೇಲೆ ಇನ್ನೊಂದು ಸಂಗತಿ ನೆನಪಾಯಿತು. ಇಂದುಮತಿಯವರ ಬರಹ ಒಪ್ಪ ಮಾಡುವಾಗ ನಾನೊಂದು ಕೆಲಸ ಮಾಡಿದ್ದೆ. ಜೋಡಿ ಕಂಸದೊಳಗಿನ ಮಾತು ಆಟಗಾರರ ಖಾಸಗಿ ಮಾತು, ಅದನ್ನು ಹೊರಗೆ ಒಯ್ಯಬಾರದು ಎಂಬುದು ತುಂಬುಹೊಳೆಯ ನಿಯಮ. ಅವರ ಬೈಗುಳ, ತಕರಾರು, ನಗೆಚಾಟಿಕೆ, ಎಲ್ಲವನ್ನೂ ನಾನು ಒಂದೂ ಬಿಡದಂತೆ ಹುಡುಕಿ ಅಳಿಸಿ ಕಳಿಸಿದ್ದೆ. ಎರಡು ಸಾವಿರಕ್ಕೂ ಹೆಚ್ಚು ಸಾಲು. ಯಾರನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಮರ್ಯಾದೆ ಕಾಯ್ದೆ ಎಂದು ಸಮಾಧಾನ ಪಟ್ಟಿದ್ದೆ.

ಯಂತ್ರಕ್ಕೆ ಬೈಯಲು ಬರದಿದ್ದದ್ದು ನನ್ನಿಂದ.

*

"ಒಂದೂ ಇಲ್ಲ," ಅಂದರು ಡಾ. ತಬಸ್ಸುಮ್, ಕಂಪ್ಯೂಟರಿನಿಂದ ತಲೆ ಎತ್ತಿ. "ಇಷ್ಟು ಬರಹದಾಗ ಒಂದಾ ಒಂದು ಕಂಸ ಇಲ್ಲ. ಯಾಕ ತಗದ್ರಿ?"

ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿಯಲ್ಲಿ ಹಿಂದೆ ಸರಿದು ನನ್ನನ್ನೇ ನೋಡಿದರು.

"ಅಂದ್ರ ಜೋಡಿ ಕಂಸ ಹಾಕಿ ತಕರಾರು ಮಾಡೂದು ಈ ಯಂತ್ರಕ್ಕ ಗೊತ್ತಾ ಇಲ್ಲ."

"ಹೌದ್ರಿ."

"ಹಂಗಂದಮ್ಯಾಲೆ ಅದು ಬಂತಂದ್ರ..."

ವಾಕ್ಯವನ್ನು ಅವರೂ ಮುಗಿಸಲಿಲ್ಲ, ನಾನೂ ಮುಗಿಸಲಿಲ್ಲ.

"ಇನ್ನೊಂದು ಕೇಳಬೇಕಿತ್ರಿ," ಅಂದೆ. "ಯಂತ್ರ ವಾಕ್ಯ ತೋರಿಸ್ತೈತಲ್ಲ, ಅವರು ಒಪ್ಪಿದ್ರು ಅನ್ನೂದು ಹೆಂಗ ಗೊತ್ತಾಕ್ಕೈತಿ?"

"ನಲವತ್ತು ಸೆಕೆಂಡು ಕಾಯ್ತೈತಿ, ಬ್ಯಾಡಂದ್ರ ಅಷ್ಟರಾಗ ಬ್ಯಾರೆ ಸಾಲು ಆರಿಸಬೇಕು. ಸುಮ್ನಿದ್ರ ಒಪ್ಪಿಗಿ. ಪಾಪ, ಅವರಿಗೆ ಆಯಾಸ ಆಗಬಾರ್ದು ಅಂತ ನಾನಾ ಹಂಗ ಇಟ್ಟೀನಿ."

"ಒಂದು ಸಾಲು ಹೇಳಾಕ ಎಷ್ಟು ಸೆಕೆಂಡ್ರಿ?"

"ಏಳು." ಹೇಳಿದವರೇ ತುಟಿ ಕಚ್ಚಿದರು. ಐದು ಸಾಲು ಮುಗಿಯುವಷ್ಟರಲ್ಲಿ ಮೂವತ್ತೈದು ಸೆಕೆಂಡು. ಆರನೆಯ ಸಾಲಿನ ನಡುವೆ ಯಂತ್ರ ತಾನೇ ಒಪ್ಪಿಕೊಂಡು ಮುಂದೆ ಹೋಗುತ್ತಿತ್ತು. ಕಂಸದಂಥ ಚಿಹ್ನೆಗಳಿದ್ದದ್ದು ಕೊನೆಯ ಸಾಲಿನಲ್ಲಿ. ಇಪ್ಪತ್ತೆರಡು ದಿನದಲ್ಲಿ ಆ ಧ್ವನಿ ಅಲ್ಲಿಗೆ ಒಮ್ಮೆಯೂ ತಲುಪಿರಲಿಲ್ಲ.

"ನಮ್ಮ ಆಟದಾಗ ಸುಮ್ನಿರೂದು ಒಪ್ಪಿಗಿ ಅಲ್ರಿ," ಅಂದೆ. "ಸರದಿ ಅವರದಿದ್ರ ಅವರು ಬರಿಯೂತನಕ ಕಾಯೂದು. ಅಷ್ಟಾ."

ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿ ನಲವತ್ತು ಸೆಕೆಂಡಿನ ಗಡುವು ತೆಗೆದುಹಾಕಿದರು; ಒಪ್ಪಿಗೆಗೂ ಕೈ ಎತ್ತಿದ ಸುಳಿವು ಬೇಕು ಎಂದು ಮಾಡಿದರು. ಸಾಲಿಗೆ ಅರ್ಧ ನಿಮಿಷ ಸಮಯ ಕೊಟ್ಟರು. ಸುಳಿವು ತಪ್ಪಾಗಬಾರದೆಂದು, ಒಂದೇ ಸಾಲನ್ನು ಮೂರು ಸುತ್ತು ಆರಿಸಿದರೆ ಮಾತ್ರ ಸರಿ ಎಂದು ಕಟ್ಟಳೆ ಮಾಡಿದರು.

"ಆದ್ರ ಏನು ಮಾಡಿ ಬೈಸ್ಕೋತೀರಿ?" ಎಂದು ಕೇಳಿದರು.

ಅದನ್ನು ಹೇಳಲು ಶಿವಗಂಗವ್ವನನ್ನೂ ಮೌನೇಶನನ್ನೂ ಹೊರಗಿನ ಬೆಂಚಿಗೆ ಕರೆದೆ. ಒಳಗೆ ಮಂಚದ ಮೇಲಿರುವವರಿಗೆ ಕೇಳಿಸಬಾರದಿತ್ತು. ಮಾಡಹೊರಟದ್ದು ನಮ್ಮಲ್ಲಿ ಅತಿ ಕೆಟ್ಟ ನಡತೆ ಎಂದೆ. ಕೈಕಾಲು ಆಡದ ಒಬ್ಬರ ಪಾತ್ರಕ್ಕೆ, ಎಲ್ಲರೆದುರು ಕೈ ಹಾಕುವುದು. ಅವರು ಏನೂ ಹೇಳದಿದ್ದರೆ ಅದೂ ಸಮಿತಿಯ ಮುಂದೆ ಹೋಗುತ್ತದೆ, ಅವರ ವಿರುದ್ಧವೇ. ಅದಕ್ಕೆ ನಾನು ಕಾರಣನಾಗುತ್ತೇನೆ.

ಮೌನೇಶ ನೆಲ ನೋಡುತ್ತಿದ್ದ. "ಆಕಿ ಬೈಲಿಲ್ಲಂದ್ರ?"

"ಅಲ್ಲಪ, ಆಕಿಗೆ ಸಿಟ್ಟು ಬರಸ್ತೀಯೇನು?" ಶಿವಗಂಗವ್ವ ಕೇಳಿದರು.

"ಹೌದವ್ವಾ."

"ಬರಸು. ಸಣ್ಣಾಕಿ ಇದ್ದಾಗ ನಾ ಆಕಿ ಜಡಿ ಹೆಣದ್ರ ಬಿಚ್ಚಿ ತಾನಾ ಹೆಣಕೋತಿದ್ಲು. ಆಕಿ ಒಳಗ ಇದ್ಲಂದ್ರ ಬಿಡಾಕಿ ಅಲ್ಲ."

*

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ತುಂಬುಹೊಳೆಯ ಎಲ್ಲರೂ ಸೇರಿದರು. ಅದು ವಾರದ ಕೂಟ. ನನ್ನ ಯೋಜನೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಯಾರಾದರೊಬ್ಬರು ಮರುಕದಿಂದ ಆಟ ಕೆಡಿಸುತ್ತಿದ್ದರು. ನಾನು ಮಂಚದ ಪಕ್ಕದಲ್ಲೇ ಕುಳಿತು ಮೊಬೈಲಿನಲ್ಲಿ ಬರೆದೆ. ಎಂದಿನಂತೆ ಐದು ಸಲ ಬರೆದೆ. ನಾಲ್ಕು ಸಲ ಅಳಿಸಿದೆ.

'ಸಂಕವ್ವ ಹುಟ್ಟನ್ನು ಕೆಳಗಿಟ್ಟಳು. ತನಗಿನ್ನು ಸಾಕಾಯಿತು ಎಂದುಕೊಂಡಳು. ಎರಡೂ ಕೈ ಎತ್ತಿ ಊರಿಗೆ ಮುಗಿದು, ಹೊಳೆಯ ನಡುವೆ ನೀರಿಗೆ ಇಳಿದುಬಿಟ್ಟಳು. ಈಗ ಸಂಕವ್ವನ ಸರದಿ.'

ಕಳಿಸಿದೆ. ಯಂತ್ರ ಅದನ್ನು ಅವರ ಕಿವಿಗೆ ಓದಿ ಹೇಳಿತು.

ನಲವತ್ತು ಜನ ಓದಿರಬೇಕು. ನನ್ನ ಫೋನು ನಡುಗುತ್ತದೆ, ಬೈಗುಳ ಸುರಿಯುತ್ತದೆ ಎಂದು ಕಾದೆ. ಏನೂ ಬರಲಿಲ್ಲ. ಆಮೇಲೆ ತಿಳಿಯಿತು: ಸರದಿ ಸಂಕವ್ವನದು. ಅವಳು ಬರೆಯುವ ತನಕ ಬೇರೆ ಯಾರೂ ಬರೆಯುವ ಹಾಗಿಲ್ಲ. ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಒಬ್ಬರೂ ನಿಯಮ ಮುರಿಯಲಿಲ್ಲ.

ಪರದೆಯ ಮೇಲೆ ಯಂತ್ರ ತನ್ನ ವಾಕ್ಯ ತೋರಿಸಿತು: 'ಹೊಳೆಯ ತಂಪು ಸಂಕವ್ವನ ಮಂಡಿ ದಾಟಿ ಮೇಲೆ ಏರಿತು.' ಸುಂದರವಾಗಿತ್ತು. ಮೊದಲಾಗಿದ್ದರೆ ನಲವತ್ತು ಸೆಕೆಂಡಿಗೆ ಅದೇ ಅವರ ಮಾತಾಗುತ್ತಿತ್ತು. ಈಗ ಕಾದಿತು. ಒಂದು ನಿಮಿಷ, ಎರಡು ನಿಮಿಷ. ಸುಳಿವಿಲ್ಲ. ವಾಕ್ಯ ಬದಿಗೆ ಸರಿದು ಅಕ್ಷರಗಳ ಸುತ್ತು ಶುರುವಾಯಿತು.

"ಅ ಸಾಲು," ಅಂದಿತು ಧ್ವನಿ. ಅರ್ಧ ನಿಮಿಷ. "ಕ ಸಾಲು." ಅರ್ಧ ನಿಮಿಷ. ಕನ್ನಡ ಶಾಲೆಯ ಒಂದನೇ ಇಯತ್ತೆಯಲ್ಲಿ ಕುಳಿತಂತಿತ್ತು. ಶಿವಗಂಗವ್ವ ತಮಗೆ ಅರಿವಿಲ್ಲದೆ ಜೊತೆಗೆ ತುಟಿ ಆಡಿಸುತ್ತಿದ್ದರು. ಏಳನೆಯ ಸಾಲು, ಎಂಟನೆಯದು.

"ಚಿಹ್ನೆಗಳ ಸಾಲು."

ಡಾಕ್ಟರ ಮುಂದಿನ ಪರದೆಯಲ್ಲಿ, ಟೋಪಿ ಹಿಡಿದ ಸುಳಿವು ತೋರಿಸುವ ಗೆರೆ ಸ್ವಲ್ಪ ಮೇಲೆ ಎದ್ದು ಬಿತ್ತು.

"ಒಂದು ಸಲ," ಅಂದರು, ಯಾರಿಗೂ ಅಲ್ಲದಂತೆ. "ಸುಮ್ನ ಆಗಿರಬಹುದು."

ಎರಡನೆಯ ಸುತ್ತು. ಎಂಟು ಸಾಲು ದಾಟುವವರೆಗೆ ಗೆರೆ ನೆಲಕ್ಕಂಟಿದ ಹಾಗೆ ಮಲಗಿತ್ತು. ಒಂಬತ್ತನೆಯದಕ್ಕೆ ಎದ್ದಿತು. ಮೂರನೆಯ ಸುತ್ತು. ಒಂಬತ್ತನೆಯದಕ್ಕೆ ಮತ್ತೆ ಎದ್ದಿತು. ಆಮೇಲೆ ಆ ಸಾಲಿನೊಳಗೆ ಪೂರ್ಣವಿರಾಮ ಬಿಟ್ಟು, ಪ್ರಶ್ನೆಚಿಹ್ನೆ ಬಿಟ್ಟು, ಹದಿನೇಳನೆಯ ನಿಮಿಷಕ್ಕೆ ಪರದೆಯ ಮೇಲೆ ಒಂದು ಗುರುತು ಮೂಡಿತು.

(

ನಾನು ನೋಡಿದ ಮೊಳಕೆಗಳಿಗೆ ಲೆಕ್ಕವಿಲ್ಲ. ಬೀಜದ ಸಿಪ್ಪೆ ಸೀಳಿ ಹೊರಗೆ ಬರುವಾಗ ಮೊದಲು ಕಾಣುವುದು ಹೀಗೆಯೇ ಬಾಗಿದ ಒಂದು ಬಿಳಿ ಎಳೆ. ಸಾವಿರ ಸಲ ನೋಡಿ ಅಂಕಣ ತುಂಬಿದ್ದೆ. ಅಂದು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಕುಳಿತಿರುವುದು ತಪ್ಪು ಅನ್ನಿಸಿತು. ನೋಡಿದರೆ ಡಾಕ್ಟರೂ ನಿಂತಿದ್ದರು.

"ಇದು ಸಾಲದು," ಅಂದರು ಅವರು. "ಇನ್ನೊಂದು ಬರಬೇಕು."

ಎರಡನೆಯದಕ್ಕೂ ಅಷ್ಟೇ ಹೊತ್ತು ಹಿಡಿಯಿತು.

((

ಡಾಕ್ಟರು ಯಂತ್ರದ ಊಹೆ ನಿಲ್ಲಿಸಿ, ಮೂರು ಸುತ್ತಿನ ಕಟ್ಟಳೆಯನ್ನು ಒಂದಕ್ಕೆ ಇಳಿಸಿದರು. ಇನ್ನು ಅನುಮಾನ ಬೇಕಿಲ್ಲ ಅಂದರು. ಆದರೂ ಒಂದೊಂದು ಅಕ್ಷರಕ್ಕೆ ಐದಾರು ನಿಮಿಷ. ಕ ಬಂತು. ಅದಕ್ಕೆ ಐತ್ವ ಬಂತು. ಒಂದೊಂದು ಅಕ್ಷರಕ್ಕೂ ಆ ಹೆಣ್ಣುಮಗಳು ಒಳಗೆ, ನಮಗೆ ಕಾಣದ ಕಡೆ, ಏಳದ ಬಲಗೈಯನ್ನು ಎತ್ತುತ್ತಿದ್ದಳು. ಮತ್ತೆ ಇಳಿಸುತ್ತಿದ್ದಳು. ಮತ್ತೆ ಎತ್ತುತ್ತಿದ್ದಳು. ಹೊರಗೆ ಮುಖ ಕಲ್ಲಿನಂತಿತ್ತು. ಕಿಟಕಿಯ ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಏರಿತು. ಫೋನಿನಲ್ಲಿ ನಲವತ್ತು ಹೆಸರುಗಳ ಪಕ್ಕ ಹಸಿರು ಚುಕ್ಕಿ ಹಾಗೆಯೇ ಉರಿಯುತ್ತಿತ್ತು. ಐದು ನಿಮಿಷ ತಡವಾದರೆ ಗೊಣಗುವ ಜನ. ಒಬ್ಬರೂ ಎದ್ದು ಹೋಗಿರಲಿಲ್ಲ. ಕಳೆದುಹೋದ ರಾಜಕುಮಾರ ಕೂಡ.

((ಕೈ ನಂದು

ಮೌನೇಶ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಮಂಚದ ಬದಿಗೆ ಮಂಡಿಯೂರಿದ.

"ಅಕ್ಕಾ... ಬೈಯಾಕತ್ತೀಯೇನಬೇ? ಯವ್ವಾ, ಬೈದ್ಲು ನೋಡಬೇ! ಅಕ್ಕ ಬೈದ್ಲು!"

"ಬೈದ್ಲಂದ್ರ ಆಕೀನ," ಅಂದರು ಶಿವಗಂಗವ್ವ. ಅಳಲಿಲ್ಲ. ಸೆರಗಿನಿಂದ ಮಗಳ ಹಣೆಯ ಬೆವರು ಒರೆಸಿದರು. ಬೆವರು ಇತ್ತು. ಅದನ್ನು ಅಲ್ಲಿಯವರೆಗೆ ನಾವು ಯಾರೂ ನೋಡಿರಲಿಲ್ಲ.

ಡಾ. ತಬಸ್ಸುಮ್ ಮಂಚದ ಮೇಲೆ ಬಾಗಿದರು. "ಸಾಕ್ರಿ ಇಂದುಮತಿಯವರ, ಗೊತ್ತಾತು ನಮಗ. ಇನ್ನ ನಿಲ್ಲಸ್ರಿ, ಸುಧಾರಿಸ್ಕೋರ್ರಿ."

ಸುತ್ತು ನಿಲ್ಲಿಸಲು ಅವರು ಕೈ ಚಾಚಿದರು. ಅಷ್ಟರಲ್ಲಿ ಗೆರೆ ಎದ್ದಿತು. ಚಿಹ್ನೆಗಳ ಸಾಲು. ನನಗೆ ಅರ್ಥವಾಯಿತು, ನಗು ಬಂತು, ಅದರ ಹಿಂದೆಯೇ ಕಣ್ಣೀರು.

"ಬ್ಯಾಡ್ರಿ, ಬಿಡ್ರಿ," ಅಂದೆ. "ಕಂಸ ಮುಚ್ಚಾಕತ್ತಾರ್ರಿ. ತೆರದ ಕಂಸ ಹಂಗಾ ಬಿಟ್ಟು ಹೋಗೂದು ನಮ್ಮಾಗ ಒಳ್ಳೇ ನಡತಿ ಅಲ್ರಿ."

ಎರಡು ಕಂಸ ಮುಚ್ಚಲು ಇನ್ನೂ ಹನ್ನೆರಡು ನಿಮಿಷ ಬೇಕಾಯಿತು. ಮೈಯಲ್ಲಿ ಒಂದು ರೆಪ್ಪೆಯೂ ಅವರ ಮಾತು ಕೇಳುತ್ತಿರಲಿಲ್ಲ. ಆದರೂ, ಯಾರೂ ಒತ್ತಾಯಿಸದ ಒಂದು ಶಿಷ್ಟಾಚಾರಕ್ಕಾಗಿ ಅವರು ಅಷ್ಟು ದೂರ ನಡೆದು ಬಂದರು. ಚುಕ್ಕಿಗಳ ಆಚೆಯಿಂದ ಬರುವ ಬೆಳಕಿನ ಬಗ್ಗೆ ಓದಿದ್ದೇನೆ. ಅದು ನನಗೆ ಇಷ್ಟು ದೊಡ್ಡದೆಂದು ಅನ್ನಿಸಿಲ್ಲ.

((ಕೈ ನಂದು))

ನಾನು ಆಟಕ್ಕೆ ಮರಳಿ, ಬರೆದದ್ದನ್ನು ಅಳಿಸಿ, ಜೋಡಿ ಕಂಸದೊಳಗೆ ತಪ್ಪು ಒಪ್ಪಿಕೊಂಡೆ. ಒಂದೇ ಸಲ. ಹತ್ತು ಸಲ ಕೇಳಿದರೆ ಅದೂ ಒಂದು ಕಾಟವಾದೀತು. ಸಂಕವ್ವ ಹರಿಗೋಲಿನಲ್ಲೇ ಇದ್ದಳು, ಹುಟ್ಟು ಅವಳ ಕೈಯಲ್ಲೇ ಇತ್ತು.

ಮರುದಿನ ಸಮಿತಿ ಹತ್ತೇ ನಿಮಿಷದಲ್ಲಿ ಮುಗಿಯಿತಂತೆ. ಟೋಪಿ ಇಂದುಮತಿಯವರ ಬಳಿಯೇ ಉಳಿಯಿತು. ಕಾಯುತ್ತಿರುವ ಆರು ಜನರಿಗಾಗಿ ಇನ್ನೊಂದನ್ನು ಕಟ್ಟಲು ಡಾ. ತಬಸ್ಸುಮ್ ಅಂದೇ ಶುರುಮಾಡಿದರು. ಅದರಲ್ಲಿ ನಲವತ್ತು ಸೆಕೆಂಡಿನ ಗಡುವು ಇರುವುದಿಲ್ಲ ಎಂದು ಹೇಳಿ ಕಳಿಸಿದರು.

ಆದರೆ ಅದು ಮರುದಿನದ ಮಾತು. ಆ ಸಂಜೆ ದೀಪ ಹಾಕುವ ಹೊತ್ತಿಗೆ ಡಾಕ್ಟರು ನನ್ನ ಕಡೆ ತಿರುಗಿದ್ದರು.

"ಇಷ್ಟು ನಿಧಾನ ಆದ್ರ ದಣೀತಾರ. ಊಹೆ ಮಾಡೂದನ್ನ ಮತ್ತ ಹಚ್ಚಲೇನು? ಒಂದೀಟು, ಸಹಾಯಕ್ಕ?"

ನಾನು ಉತ್ತರಿಸಲು ಬಾಯಿ ತೆರೆದು, ಮುಚ್ಚಿದೆ. ಮಂಚದ ಕಡೆ ನೋಡಿದೆ. ಡಾಕ್ಟರೂ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಇಂದುಮತಿಯವರ ಕಿವಿಯ ಹತ್ತಿರ ಕುಳಿತು, ಅದೇ ಪ್ರಶ್ನೆಯನ್ನು ಅವರನ್ನು ಕೇಳಿದರು.

"ಅ ಸಾಲು," ಅಂದಿತು ಧ್ವನಿ.

ನಾವು ಕಾದೆವು.